ರಿಪೋರ್ಟು ಬರುವವರೆಗೆ

ಹುಣಸೂರು ರಸ್ತೆಯಲ್ಲಿ ಹಿನಕಲ್ ಮೇಲ್ಸೇತುವೆ ಹತ್ತಿ ಇಳಿದು ಹೋಗುವವರಿಗೆ ಕೆಳಗೊಂದು ಹಳೆಯ ಊರಿದೆ ಎಂಬುದು ಕಣ್ಣಿಗೆ ಬೀಳುವುದಿಲ್ಲ. ನನ್ನೇಶ್ವರನ ಗುಡಿಯಿದೆ, ಕೆರೆಯಿದೆ, ಓಣಿಗಳು ಇನ್ನೂ ಹಳ್ಳಿಯ ಓಣಿಗಳಂತೆಯೇ ಕೊಂಕಿಕೊಂಡಿವೆ. ಸುತ್ತಲೂ ಮಾತ್ರ ವಿಜಯನಗರದ ಬಡಾವಣೆಗಳು, ಹೆಬ್ಬಾಳದ ಕಾರ್ಖಾನೆಗಳು, ರಿಂಗ್ ರೋಡು. ತೀರಾ ಇತ್ತೀಚಿನವರೆಗೂ ಗ್ರಾಮ ಪಂಚಾಯಿತಿಯಾಗಿದ್ದ ಊರು ಕೆಲವು ವರ್ಷಗಳ ಹಿಂದೆ ಹೂಟಗಳ್ಳಿ ನಗರಸಭೆಗೆ ಸೇರಿತು. ಹಳ್ಳಿ ಪೇಟೆಯಾಗುವಾಗ ಮೊದಲು ಬರುವುದು ಬೀದಿದೀಪ, ಆಮೇಲೆ ಡಾಂಬರು, ಎಲ್ಲಕ್ಕಿಂತ ಕೊನೆಗೆ ಒಳಚರಂಡಿ. ಅಷ್ಟರೊಳಗೆ ಕುಡಿಯುವ ನೀರಿನ ಕೊಳವೆ, ಕಕ್ಕಸಿನ ನೀರಿನ ಮೋರಿ ಎರಡೂ ಒಂದೇ ಓಣಿಯಲ್ಲಿ ಮಗ್ಗುಲು ಮಗ್ಗುಲಾಗಿ ಮಲಗಿರುತ್ತವೆ.

2024ರ ಮೇ ತಿಂಗಳಲ್ಲಿ ಇದೇ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ವಾಂತಿಭೇದಿ ಹಬ್ಬಿತು. ಒಬ್ಬ ಯುವಕ ತೀರಿಕೊಂಡ, ಹತ್ತಾರು ಜನ ಆಸ್ಪತ್ರೆ ಸೇರಿದರು. ನಲ್ಲಿಯ ನೀರಿಗೆ ಕೊಳಚೆ ಬೆರೆತಿದೆ ಎಂಬುದು ಊರಿನವರ ದೂರು. ಇಂಥ ಕಡೆಯಲ್ಲೆಲ್ಲ ಅಧಿಕಾರಿಗಳ ಬಾಯಲ್ಲಿ ಕೇಳಿಬರುವ ಮಾತೊಂದಿದೆ: "ಸ್ಯಾಂಪಲ್ ಕಳಿಸಿದ್ದೀವಿ, ರಿಪೋರ್ಟ್ ಬರಬೇಕು." ಮನೆಯಲ್ಲಿ ನಾಲ್ಕು ಜನ ಮಲಗಿರುವವರಿಗೆ ಇದು ನುಣುಚಿಕೊಳ್ಳುವ ಮಾತಿನಂತೆ ಕೇಳಿಸುತ್ತದೆ. ಎಷ್ಟೋ ಸಲ ಅದು ಹಾಗೆಯೇ ಇರುತ್ತದೆ ಕೂಡ. ಆದರೆ ಆ ರಿಪೋರ್ಟು ನಿಜಕ್ಕೂ ತಡವಾಗಿ ಬರುವ ವಸ್ತು. ಕರುಳಿನಲ್ಲಿ ಕೂತ ಸೂಕ್ಷ್ಮಾಣುವಿನ ಹೆಸರು ಹೇಳುವುದನ್ನು ಮನುಷ್ಯ ಕಲಿತದ್ದೂ ತಡವಾಗಿ, ತಪ್ಪು ಮಾಡಿ ಮಾಡಿ. ಆ ಕಲಿಕೆಯ ಕಥೆಯಲ್ಲಿ ಮೈಸೂರು ಸೀಮೆಯ ಪಾಲು ನಾವು ತಿಳಿದಿರುವುದಕ್ಕಿಂತ ಹೆಚ್ಚು.

*

ಸೂಕ್ಷ್ಮಾಣುವಿನ ಸುದ್ದಿಯೇ ಇಲ್ಲದ ಕಾಲದಲ್ಲೂ ನಮ್ಮ ಊರುಗಳಿಗೆ ಈ ಬೇನೆಯ ನಡೆ ಗೊತ್ತಿತ್ತು. ಮಾರಮ್ಮ ಮುನಿದಳೆಂದು ಹರಕೆ ಹೊರುತ್ತಿದ್ದರು, ಅವಳನ್ನು ಗಡಿಯಾಚೆ ಸಾಗಹಾಕುತ್ತಿದ್ದರು. ಅದಕ್ಕೂ ಜಗ್ಗದಿದ್ದರೆ ಹೊರಬೀಡು. ಇಡೀ ಊರು ಮನೆಗಳಿಗೆ ಬೀಗ ಹಾಕಿ, ದನಕರು ಹೊಡೆದುಕೊಂಡು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಓದಿದವರು ಇದನ್ನು ಮೌಢ್ಯವೆಂದು ನಕ್ಕಿದ್ದಾರೆ. ನನಗೆ ಹಾಗೆ ನಗಲು ಮನಸ್ಸು ಬರುವುದಿಲ್ಲ. ಊರು ಬಿಟ್ಟವರು ಊರಿನ ಬಾವಿಯನ್ನೂ ಬಿಟ್ಟಿರುತ್ತಿದ್ದರು. ಆ ಕಾಲದ ವೈದ್ಯರು ಕೊಡುತ್ತಿದ್ದ ಅಫೀಮು, ಪಾದರಸದ ಮಾತ್ರೆಗಳಿಗಿಂತ ಇದೇ ಎಷ್ಟೋ ಮೇಲು.

ಹೊರಬೀಡಿಗೂ ಜಾಗವಿಲ್ಲದಂಥ ಕಾಲ ಬಂದದ್ದು 1876ರಿಂದ 78ರ ಬರಗಾಲದಲ್ಲಿ. ಹಸಿದವರು ಊರು ಬಿಟ್ಟು ಗಂಜಿಕೇಂದ್ರಗಳ ಸುತ್ತ ಗುಂಪುಗೂಡಿದರು. ಇದ್ದ ಕೆರೆಕುಂಟೆಯ ತಳದ ನೀರನ್ನೇ ಸಾವಿರಾರು ಜನ ಕುಡಿದರು. 1877ರಲ್ಲಿ ಕಾಲರಾ ಆ ಗುಂಪುಗಳ ಮೇಲೆ ಎರಗಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷದ ಮೇಲೆ, 1881ರಲ್ಲಿ, 41,86,188. ಇಳಿದ ಸುಮಾರು ಎಂಟೂ ಮುಕ್ಕಾಲು ಲಕ್ಷದಲ್ಲಿ ಹಸಿವಿನಿಂದ ಹೋದವರೆಷ್ಟು, ಭೇದಿಯಿಂದ ಹೋದವರೆಷ್ಟು ಎಂದು ಬೇರ್ಪಡಿಸುವಂತಿಲ್ಲ. ಹಸಿದ ಹೊಟ್ಟೆಗೆ ಎರಡೂ ಒಂದೇ.

ಆಗ ಆಳುತ್ತಿದ್ದವರ ತಿಳಿವಳಿಕೆ ಏನಾಗಿತ್ತು? ಲಂಡನ್ನಿನಲ್ಲಿ ಜಾನ್ ಸ್ನೋ 1854ರಲ್ಲೇ ಬ್ರಾಡ್ ಸ್ಟ್ರೀಟಿನ ಪಂಪಿನ ಕಡೆ ಬೆರಳು ತೋರಿಸಿ, ಕಾಲರಾ ಬರುವುದು ನೀರಿನಿಂದ ಎಂದಿದ್ದರು. ಅದೇ ವರ್ಷ ಇಟಲಿಯ ಫಿಲಿಪ್ಪೊ ಪಚೀನಿ ಸತ್ತವರ ಕರುಳಿನಲ್ಲಿ ಬಾಗಿದ ಸೂಕ್ಷ್ಮಜೀವಿಗಳನ್ನು ಕಂಡು ಬರೆದಿಟ್ಟಿದ್ದರು. ಆದರೂ ಭಾರತ ಸರ್ಕಾರದ ಸ್ಯಾನಿಟರಿ ಕಮಿಷನರ್ ಆಗಿದ್ದ ಜೆ. ಎಂ. ಕನಿಂಗ್‌ಹ್ಯಾಮ್ 1884ರವರೆಗೂ ನೀರಿನ ವಾದವನ್ನು ಒಪ್ಪಲಿಲ್ಲ. ಗಾಳಿ, ಮಣ್ಣು, ಋತು ಇವೇ ಕಾರಣ ಎಂಬುದು ಅವರ ಹಟ. ರೋಗ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ ಎಂದು ಒಪ್ಪಿದರೆ ಬಂದರುಗಳಲ್ಲಿ ಹಡಗುಗಳನ್ನು ತಡೆದು ನಿಲ್ಲಿಸಬೇಕಾಗುತ್ತಿತ್ತು, ವ್ಯಾಪಾರ ನಿಲ್ಲುತ್ತಿತ್ತು. ಆ ಹಟದ ಹಿಂದೆ ಈ ಲೆಕ್ಕವೂ ಇದ್ದಿರಬೇಕು.

1883ರ ಡಿಸೆಂಬರ್‌ನಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಕಲ್ಕತ್ತಕ್ಕೆ ಬಂದಿಳಿದರು. ಮುಂದಿನ ವರ್ಷದ ಆರಂಭದಲ್ಲೇ ಅವರು ಕಾಲರಾ ರೋಗಿಗಳ ಕರುಳಿನಿಂದ ಆ ಸೂಕ್ಷ್ಮಾಣುವನ್ನು ಬೇರ್ಪಡಿಸಿ ಬೆಳೆಸಿದ್ದರು. ಅಲ್ಪವಿರಾಮ ಚಿಹ್ನೆಯಂತೆ ಬಾಗಿದ ಜೀವಿ, ಅದಕ್ಕೇ 'ಕಾಮಾ ಬ್ಯಾಸಿಲಸ್' ಎಂಬ ಹೆಸರು. ಊರಹೊರಗಿನ ಬೇಲಿಯಾಘಾಟದ ಕೆರೆಯೊಂದರ ನೀರಿನಲ್ಲೂ ಅದು ಸಿಕ್ಕಿತು. ಜನ ಅದೇ ಕೆರೆಯಲ್ಲಿ ಬಟ್ಟೆ ಒಗೆದು ಅದನ್ನೇ ಕುಡಿಯುತ್ತಿದ್ದರು. ಸ್ನೋ ಬೆರಳು ತೋರಿಸಿ ಮೂವತ್ತು ವರ್ಷಕ್ಕೆ ಆರೋಪಿಯ ಮುಖ ಕಂಡಂತಾಯಿತು. ಆದರೂ ವ್ಯಾಜ್ಯ ಮುಗಿಯಲಿಲ್ಲ. ಕಾಖ್ ಹೇಳಿದ್ದನ್ನು ಪರೀಕ್ಷಿಸಲು ಬ್ರಿಟಿಷರು ಅದೇ ವರ್ಷ ಎಮ್ಯಾನುಯೆಲ್ ಕ್ಲೈನ್ ಮತ್ತು ಹೆನೇಜ್ ಗಿಬ್ಸ್ ಎಂಬಿಬ್ಬರನ್ನು ಕಳಿಸಿದರು. ಈ ಬಾಗಿದ ಜೀವಿ ರೋಗಕ್ಕೆ ಕಾರಣವಲ್ಲ ಎಂಬುದು ಅವರ ತೀರ್ಪು. ಮ್ಯೂನಿಕ್‌ನ ಪೆಟೆನ್‌ಕೋಫರ್ 1892ರಲ್ಲಿ ಕಾಲರಾ ಸೂಕ್ಷ್ಮಾಣುಗಳ ಬೆಳೆಯನ್ನೇ ಕುಡಿದು, ಸ್ವಲ್ಪ ಭೇದಿಯಾದರೂ ಬದುಕಿ ಉಳಿದು, ನೋಡಿ ನನಗೇನೂ ಆಗಲಿಲ್ಲ ಎಂದರು.

ಕ್ಲೈನ್ ತಪ್ಪು ಮಾಡಿದರು ನಿಜ. ಆದರೆ ಅವರ ಅನುಮಾನದಲ್ಲಿ ಒಂದು ಹುರುಳಿತ್ತು. ಕೆರೆ, ಕಾಲುವೆ, ಸಮುದ್ರದ ನೀರಿನಲ್ಲಿ ಬಾಗಿದ ಸೂಕ್ಷ್ಮಜೀವಿಗಳು ಬೇಕಾದಷ್ಟಿವೆ, ಅವುಗಳಲ್ಲಿ ಬಹುಪಾಲು ಯಾರಿಗೂ ಕಾಲರಾ ತರುವುದಿಲ್ಲ. ಬರೀ ಆಕಾರ ನೋಡಿ ಹೆಸರು ಹೇಳುವುದೆಂದರೆ ಜಾತ್ರೆಯಲ್ಲಿ ಬಿಳಿ ಪಂಚೆ ಉಟ್ಟವರನ್ನೆಲ್ಲ ಒಬ್ಬನೇ ಎಂದಂತೆ. ಮುಂದಿನ ನೂರು ವರ್ಷದ ಪ್ರಯೋಗಾಲಯದ ಕೆಲಸವೆಲ್ಲ ಈ ಒಂದು ತೊಡಕನ್ನು ಬಿಡಿಸಲು ನಡೆದದ್ದು.

*

ಆ ಕ್ಲೈನ್ ಬಳಿಯೇ ಲಂಡನ್ನಿನಲ್ಲಿ ಸೂಕ್ಷ್ಮಾಣುಶಾಸ್ತ್ರ ಕಲಿತ ವೈದ್ಯರೊಬ್ಬರು 1895ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿಗೆ ಬಂದರು. ಹೆಸರು ರೊನಾಲ್ಡ್ ರಾಸ್. ಶಾಲೆಯ ಪುಸ್ತಕದಲ್ಲಿ ಮಲೇರಿಯಾ ಮತ್ತು ಸೊಳ್ಳೆಯ ಪಾಠದಲ್ಲಿ ಬರುವ ರಾಸ್ ಇವರೇ. ಸಿಕಂದರಾಬಾದಿನಲ್ಲಿ ಸೊಳ್ಳೆ ಸೀಳಿಕೊಂಡು ಕೂತಿದ್ದವರನ್ನು ಸರ್ಕಾರ ಎಬ್ಬಿಸಿ, ಬೆಂಗಳೂರಿನ ದಂಡು ಪ್ರದೇಶದಲ್ಲಿ ಕಾಲರಾ ಹಬ್ಬಿದೆ, ಹೋಗಿ ನಿಲ್ಲಿಸು ಎಂದಿತು. ಅವರಿಗೆ ಇದು ದೊಡ್ಡ ಕಿರಿಕಿರಿ. ನಮಗೆ ಅದೃಷ್ಟ ಎನ್ನಬೇಕು.

ರಾಸ್‌ಗೆ ಬೆಂಗಳೂರು ಹೊಸದಲ್ಲ. 1883ರ ಹೊತ್ತಿಗೇ ಇಲ್ಲಿ ಕೆಲಸ ಮಾಡಿದ್ದರು. ಬಂಗಲೆಯ ಹೊರಗಿನ ತೊಟ್ಟಿಯ ನೀರು ಚೆಲ್ಲಿಸಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂದು ಮೊದಲು ಗಮನಿಸಿದ್ದು ಇದೇ ಊರಿನಲ್ಲಿ. ಈ ಸಲ ಅವರ ಕಣ್ಣು ಬಾವಿಗಳ ಮೇಲೆ. ದಂಡಿನಲ್ಲಿ ಸಿಪಾಯಿಗಳ ಬ್ಯಾರಕ್ಕುಗಳು ಒಪ್ಪವಾಗಿದ್ದವು. ಅವುಗಳ ಹಿಂದಿನ ಬಜಾರುಗಳಲ್ಲಿ ಮಾತ್ರ ಇಕ್ಕಟ್ಟಿನ ಓಣಿಗಳು, ಹಿತ್ತಲಲ್ಲಿ ಬಾವಿ, ಬಾವಿಯ ಮಗ್ಗುಲಲ್ಲೇ ಕಕ್ಕಸಿನ ಗುಂಡಿ. ನೀರಿಗೆ ಜನ ನೆಚ್ಚಿದ್ದು ಇಂಥ ಬಾವಿಗಳನ್ನು ಮತ್ತು ಹಲಸೂರಿನಂಥ ಕೆರೆಗಳನ್ನು. ರಾಸ್ ಓಣಿ ಓಣಿ ತಿರುಗಿ, ಕಂಡದ್ದನ್ನೆಲ್ಲ ಬರೆದು, ದಂಡು ಪ್ರದೇಶದ ಕಾಲರಾ ಹಾಗೂ ನೈರ್ಮಲ್ಯದ ಮೇಲೆ 1896ರಲ್ಲಿ ಒಂದು ದೊಡ್ಡ ವರದಿ ಕೊಟ್ಟರು. ಕನ್ನಡ ನೆಲದಲ್ಲಿ ಕಾಲರಾ ಬಗ್ಗೆ ಬಂದ ಮೊದಲ ಸರಿಯಾದ 'ರಿಪೋರ್ಟು' ಇದೇ ಎಂದು ನಾನು ಲೆಕ್ಕ ಹಿಡಿಯುತ್ತೇನೆ. ಅದರಲ್ಲಿ ಸೂಕ್ಷ್ಮದರ್ಶಕಕ್ಕಿಂತ ಮೋರಿ, ಬಾವಿ, ಕಸದ ಮಾತೇ ಹೆಚ್ಚು ಎಂಬುದನ್ನು ಮರೆಯಬಾರದು.

ಆಗ ಒಂದು ಮಲದ ಸ್ಯಾಂಪಲ್ ಸಿಕ್ಕಿದರೂ ಏನು ಮಾಡಬಹುದಿತ್ತು? ಸೂಕ್ಷ್ಮದರ್ಶಕದಲ್ಲಿ ಬಾಗಿದ ಆಕಾರ ಕಾಣಬೇಕು. ಜೆಲಾಟಿನ್ ತಟ್ಟೆಯಲ್ಲಿ ಬೆಳೆಸಿದಾಗ ಅದು ಸುತ್ತಲ ಜೆಲಾಟಿನ್ನನ್ನು ಕರಗಿಸಿ ಸಣ್ಣ ಕುಳಿ ಮಾಡಬೇಕು. ಪೆಪ್ಟೋನ್ ನೀರಿನಲ್ಲಿ ಬೆಳೆಸಿ ಗಂಧಕಾಮ್ಲದ ಹನಿ ಬಿಟ್ಟರೆ ಕೆಂಪಾಗಬೇಕು, ಇದಕ್ಕೆ 'ಕಾಲರಾ ಕೆಂಪು' ಎಂದೇ ಹೆಸರು. ಇಷ್ಟಾದರೂ ಮನಸ್ಸು ಒಪ್ಪದಿದ್ದರೆ ಗಿನಿಯಿಲಿಯ ಮೇಲೆ ಫೈಫರ್ ಪರೀಕ್ಷೆ, ಅದು 1894ರಲ್ಲಷ್ಟೇ ಬಂದಿತ್ತು. ಜೆಲಾಟಿನ್‌ನದು ಇನ್ನೊಂದು ತಾಪತ್ರಯ. ಬರ್ಲಿನ್ನಿನ ಚಳಿಯಲ್ಲಿ ಗಟ್ಟಿಯಾಗಿ ನಿಲ್ಲುವ ಅದು ನಮ್ಮ ಏಪ್ರಿಲ್ ಬಿಸಿಲಿಗೆ ಪಾಯಸವಾಗುತ್ತದೆ. ಕಾಖ್ ಬಳಗದಲ್ಲಿದ್ದ ವಾಲ್ಟರ್ ಹೆಸ್ಸೆ ಎಂಬುವರ ಹೆಂಡತಿ ಫ್ಯಾನಿ, ಅಡುಗೆಮನೆಯಲ್ಲಿ ಬಳಸುತ್ತಿದ್ದ ಅಗರ್ ಅನ್ನು ಇದಕ್ಕೆ ಬಳಸಿ ನೋಡಿ ಎಂದು 1881ರ ಸುಮಾರಿಗೆ ಸೂಚಿಸಿದರು. ಸಮುದ್ರದ ಪಾಚಿಯಿಂದ ತೆಗೆಯುವ ಅಗರ್ ಒಮ್ಮೆ ಗಟ್ಟಿಯಾದರೆ ಬಿಸಿಲಿಗೆ ಕರಗುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಚೀನಾ ಗ್ರಾಸ್ ಎಂದು ಮಾರುವುದು ಇದನ್ನೇ. ಹಾಲಿಗೆ ಸಕ್ಕರೆ, ಏಲಕ್ಕಿ ಹಾಕಿ ಚೀನಾ ಗ್ರಾಸ್ ಹಲ್ವ ಮಾಡುವವರು ಲ್ಯಾಬಿನ ತಟ್ಟೆಯನ್ನು ಕಂಡರೆ ಇದರಲ್ಲೇನಿದೆ ಎಂದಾರು.

ಬಾವಿಗಳಿಗೆ ಆಗ್ಗೆ ಒಂದು ಮದ್ದು ಬಂದಿತ್ತು. ಆಗ್ರಾದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ ಎಂಬ ವಿಜ್ಞಾನಿ ಪೊಟ್ಯಾಸಿಯಂ ಪರ್ಮಾಂಗನೇಟ್ ಪುಡಿಯನ್ನು ನೀರು ನಸುಗೆಂಪಾಗುವಷ್ಟು ಸುರಿಯಿರಿ ಎಂದು ಊರೂರಿಗೆ ಹೇಳಿಕೊಂಡು ತಿರುಗಿದರು. ಆ ಬಣ್ಣದ ನೀರನ್ನು ಜನ ಮುಟ್ಟದೆ ಎರಡು ದಿನ ಬೇರೆ ಬಾವಿಗೆ ಹೋದದ್ದರಿಂದಲೇ ಅರ್ಧ ಕೆಲಸ ಆಯಿತೋ ಏನೋ. ನಿಜವಾದ ಪರಿಹಾರ ಬಂದದ್ದು ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಚಾಮರಾಜೇಂದ್ರ ಜಲಾಗಾರದಿಂದ. ಹೆಸರಘಟ್ಟದಲ್ಲಿ ಅರ್ಕಾವತಿಯ ನೀರು ಹಿಡಿದು 1896ರಲ್ಲಿ ಬೆಂಗಳೂರಿಗೆ ಕೊಳವೆಯಲ್ಲಿ ಹರಿಸಿದರು. ಮೈಸೂರಿನಲ್ಲೂ ಅದೇ ಹೊತ್ತಿಗೆ ವಾಣಿವಿಲಾಸ ನೀರು ಸರಬರಾಜು ಕೇಂದ್ರ ಹುಟ್ಟಿತು. ಅದಕ್ಕೆ ಮುಂಚೆ ಮೈಸೂರಿನವರು ನೆಚ್ಚಿದ್ದು ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯಂಥವನ್ನು. ಆ ಕೆರೆಗೆ ಮಳೆನೀರು ತರುತ್ತಿದ್ದ ಪೂರ್ಣಯ್ಯ ನಾಲೆ ಹರಿದು ಬರುತ್ತಿದ್ದುದು ಊರಿನ ಪಶ್ಚಿಮದ ಹಳ್ಳಿಗಳ ಕಡೆಯಿಂದಲೇ.

*

ಬೆಂಗಳೂರಿಗೆ 1898ರ ಆಗಸ್ಟ್‌ನಲ್ಲಿ ಪ್ಲೇಗ್ ಬಂತು. ಅದು ಕರುಳಿನ ರೋಗವಲ್ಲ, ಆದರೂ ಇಲ್ಲಿ ಹೇಳಬೇಕು. ಸಂಸ್ಥಾನ ಸೂಕ್ಷ್ಮದರ್ಶಕಕ್ಕೆ ದುಡ್ಡು ಬಿಚ್ಚಿದ್ದೇ ಆ ಭಯದಿಂದ. ತಿರುವಾಂಕೂರಿನಲ್ಲಿ ಜಾತಿಯ ಕಾರಣಕ್ಕೆ ಕೆಲಸ ಸಿಗದೆ ಮೈಸೂರು ಸೇವೆಗೆ ಬಂದಿದ್ದ ಡಾ. ಪಲ್ಪು ಪ್ಲೇಗಿನ ಶಿಬಿರಗಳಲ್ಲಿ ದುಡಿದದ್ದು ಆಗಲೇ. ಕೇರಳದವರು ಅವರನ್ನು ನಾರಾಯಣ ಗುರುಗಳ ಬಳಗದ ಸುಧಾರಕರೆಂದು ನೆನೆಯುತ್ತಾರೆ. ಬೆಂಗಳೂರಿನ ಓಣಿಗಳಲ್ಲಿ ಅವರು ಮಾಡಿದ ಕೆಲಸ ನಮಗೆ ಮರೆತೇಹೋಗಿದೆ.

ಇಷ್ಟರಲ್ಲಿ ಯುರೋಪು, ಜಪಾನುಗಳಲ್ಲಿ ಕರುಳಿನ ಸೂಕ್ಷ್ಮಾಣುಗಳ ಪಟ್ಟಿ ಬೆಳೆಯುತ್ತಿತ್ತು. ವಿಷಮಶೀತಜ್ವರದ, ಅಂದರೆ ಟೈಫಾಯಿಡಿನ, ಸೂಕ್ಷ್ಮಾಣುವನ್ನು ಎಬರ್ಟ್ 1880ರಲ್ಲಿ ಕಂಡರು, ಗಾಫ್ಕಿ 1884ರಲ್ಲಿ ಬೆಳೆಸಿದರು. ಕೂಸುಗಳ ಮಲದಲ್ಲಿ ಥಿಯೋಡೋರ್ ಎಷೆರಿಷ್ 1885ರಲ್ಲಿ ಗುರುತಿಸಿದ್ದೇ ಇಂದಿನ ಇ. ಕೋಲೈ. ರಕ್ತ ಬೀಳುವ ಆಮಶಂಕೆಯ ಸೂಕ್ಷ್ಮಾಣುವನ್ನು ಜಪಾನಿನ ಕಿಯೋಷಿ ಶಿಗಾ 1897ರಲ್ಲಿ ಹಿಡಿದರು, ಶಿಗೆಲ್ಲಾ ಎಂಬ ಹೆಸರು ಅವರದೇ. ಸೂಕ್ಷ್ಮದರ್ಶಕದಲ್ಲಿ ಇವೆಲ್ಲ ಒಂದೇ ಥರದ ಪುಟ್ಟ ಕಡ್ಡಿಗಳು. ಅದರಲ್ಲೂ ಇ. ಕೋಲೈ ಎಲ್ಲರ ಕರುಳಲ್ಲೂ ಕಾಯಂ ವಾಸಿ, ಬಹುಪಾಲು ನಿರುಪದ್ರವಿ. ಆ ಸಂತೆಯಲ್ಲಿ ಕಳ್ಳನನ್ನು ಹುಡುಕಬೇಕು.

ಮುಖ ನೋಡಿದರೆ ಗೊತ್ತಾಗದವರನ್ನು ಊಟಕ್ಕೆ ಕೂರಿಸಿ ಪತ್ತೆ ಹಚ್ಚುವ ಉಪಾಯ ಮಾಡಿದವರಲ್ಲಿ ಲಿವರ್‌ಪೂಲಿನ ಆಲ್ಫ್ರೆಡ್ ಮ್ಯಾಕಾಂಕಿ ಮುಖ್ಯರು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಅವರು ತಟ್ಟೆಗೆ ಮೂರು ವಸ್ತು ಸೇರಿಸಿದರು. ಪಿತ್ತದ ಲವಣ, ಅದು ಕರುಳಿಗೆ ಸೇರದ ಸೂಕ್ಷ್ಮಾಣುಗಳನ್ನು ತಡೆಯುತ್ತದೆ. ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ. ಮತ್ತು ಹುಳಿ ತಗುಲಿದರೆ ಬಣ್ಣ ಬದಲಿಸುವ ನ್ಯೂಟ್ರಲ್ ರೆಡ್. ಇ. ಕೋಲೈ ಹಾಲಿನ ಸಕ್ಕರೆ ತಿಂದು ಹುಳಿ ಮಾಡುತ್ತದೆ, ಅದರ ಚುಕ್ಕೆಗಳು ಗುಲಾಬಿ. ಟೈಫಾಯಿಡ್ ಮತ್ತು ಆಮಶಂಕೆಯವು ಆ ಸಕ್ಕರೆಯನ್ನು ಮುಟ್ಟುವುದಿಲ್ಲ, ಅವು ಬಣ್ಣವಿಲ್ಲದೆ ಪೇಲವವಾಗಿ ಉಳಿಯುತ್ತವೆ. ನಮ್ಮ ಮನೆಗಳಲ್ಲಿ ಅರಿಶಿನಕ್ಕೆ ಸುಣ್ಣ ಕದಡಿ ಆರತಿಗೆ ಓಕುಳಿ ಮಾಡುತ್ತಾರಲ್ಲ, ಅದೇ ವಿದ್ಯೆ. ಅರಿಶಿನ ಸುಣ್ಣದ ಕ್ಷಾರಕ್ಕೆ ಕೆಂಪಾಗುತ್ತದೆ, ಮ್ಯಾಕಾಂಕಿಯ ಬಣ್ಣ ಹುಳಿಗೆ ಕೆಂಪಾಗುತ್ತದೆ, ವ್ಯತ್ಯಾಸ ಅಷ್ಟೆ. ನೂರು ವರ್ಷ ದಾಟಿದರೂ ಮೈಸೂರಿನ ಯಾವ ಲ್ಯಾಬಿಗೆ ಹೋದರೂ ಮ್ಯಾಕಾಂಕಿ ತಟ್ಟೆ ಇದ್ದೇ ಇರುತ್ತದೆ.

ರಕ್ತದಿಂದಲೇ ಟೈಫಾಯಿಡ್ ಪತ್ತೆಹಚ್ಚುವ ವಿಡಾಲ್ ಪರೀಕ್ಷೆ ಬಂದದ್ದು 1896ರಲ್ಲಿ. ರೋಗಿಯ ರಕ್ತದ ಸೀರಮ್ಮಿಗೆ ಸತ್ತ ಸೂಕ್ಷ್ಮಾಣುಗಳನ್ನು ಬೆರೆಸಿದರೆ ಹಾಲು ಒಡೆದಂತೆ ಗಂಟುಗಟ್ಟುತ್ತವೆ. ನಮ್ಮ ನಾಡಿನಲ್ಲಿ ಇದರಷ್ಟು ಬಳಕೆಯಾದ, ಇದರಷ್ಟು ದುರ್ಬಳಕೆಯಾದ ಪರೀಕ್ಷೆ ಇನ್ನೊಂದಿಲ್ಲ. ಹಿಂದೆಂದೋ ಸೋಂಕು ತಗುಲಿದ್ದವರಿಗೂ, ಲಸಿಕೆ ಹಾಕಿಸಿಕೊಂಡವರಿಗೂ ಪಾಸಿಟಿವ್ ಬರಬಹುದು. ಜ್ವರದ ಮೊದಲ ವಾರದಲ್ಲಿ ನಿಜವಾದ ರೋಗಿಗೂ ನೆಗೆಟಿವ್ ಬರಬಹುದು. ವೈದ್ಯ ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಕ್ರಮ ಹೀಗಿದೆ: ಮೊದಲ ವಾರ ರಕ್ತ ಬೆಳೆಸಿ ನೋಡು, ಎರಡನೆಯ ವಾರ ವಿಡಾಲ್, ಮೂರನೆಯ ವಾರ ಮಲ, ನಾಲ್ಕನೆಯ ವಾರ ಮೂತ್ರ. ಜ್ವರ ಬಂದ ಎರಡನೆಯ ದಿನವೇ ವಿಡಾಲ್ ಬರೆದುಕೊಡುವ ಚೀಟಿಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಈ ವಿದ್ಯೆ ಕಲಿಸುವ ಜಾಗ ಮೈಸೂರಿಗೆ ಬಂದದ್ದು 1930ರಲ್ಲಿ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿದ್ದ ಮೈಸೂರು ಮೆಡಿಕಲ್ ಕಾಲೇಜು ಆ ವರ್ಷ ಇಲ್ಲಿಗೆ ವರ್ಗವಾಯಿತು. ಅಂದಿನಿಂದ ಹಿನಕಲ್‌ನಂಥ ಊರಿನವರಿಗೆ 'ದೊಡ್ಡಾಸ್ಪತ್ರೆ' ಎಂದರೆ ಕೆ. ಆರ್. ಆಸ್ಪತ್ರೆ.

*

ಲ್ಯಾಬು ಬಂತು, ಆದರೆ ಊರಿಂದ ಲ್ಯಾಬಿಗೆ ದಾರಿ ಉದ್ದ. ಕಾಲರಾ ಸೂಕ್ಷ್ಮಾಣು ಮನುಷ್ಯನನ್ನು ಒಂದೇ ದಿನದಲ್ಲಿ ಬಲಿ ತೆಗೆದುಕೊಳ್ಳುವಷ್ಟು ಬಲಿಷ್ಠ, ಸೀಸೆಯೊಳಗೆ ಮಾತ್ರ ತೀರಾ ಬಡಪಾಯಿ. ಎತ್ತಿನ ಗಾಡಿ, ರೈಲು, ಅಂಚೆ ಎಂದು ಸ್ಯಾಂಪಲ್ ತಿರುಗಿ ಬರುವಷ್ಟರಲ್ಲಿ ಇ. ಕೋಲೈ ಮತ್ತಿತರ ಒರಟು ಬಂಧುಗಳು ಮಿತಿಮೀರಿ ಬೆಳೆದು ಹುಳಿ ಹರಡಿ ಅದನ್ನು ಮುಗಿಸಿಬಿಟ್ಟಿರುತ್ತವೆ. ಊರಿನಲ್ಲಿ ಹೆಣಗಳು ಬೀಳುತ್ತಿದ್ದರೂ ಲ್ಯಾಬಿನ ಉತ್ತರ 'ಕಾಲರಾ ಇಲ್ಲ'. ಇದನ್ನು ಬಿಡಿಸಿದವರು ಮದರಾಸಿನ ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟಿನ ಕೆ. ವಿ. ವೆಂಕಟರಾಮನ್ ಮತ್ತು ಸಿ. ಎಸ್. ರಾಮಕೃಷ್ಣನ್. 1941ರಲ್ಲಿ ಅವರು ಪ್ರಕಟಿಸಿದ ದ್ರಾವಣದ ಪಾಕ ನೋಡಿ: ಒಂದು ಲೀಟರ್ ನೀರಿಗೆ 20 ಗ್ರಾಂ ಸಮುದ್ರದ ಕಲ್ಲುಪ್ಪು, 5 ಗ್ರಾಂ ಪೆಪ್ಟೋನ್, ಕ್ಷಾರದ ಅಂಶ ಪಿಎಚ್ 8.6ಕ್ಕೆ ಮೇಲೆ. ಕಾಲರಾದ ಜೀವಿಗೆ ಉಪ್ಪು, ಕ್ಷಾರ ಹಿತ, ಉಳಿದವಕ್ಕೆ ಅಹಿತ. ಉಪ್ಪಿನಕಾಯಿ ಜಾಡಿಯ ಇದೇ ತರ್ಕದಿಂದ ಸ್ಯಾಂಪಲ್ ವಾರಗಟ್ಟಲೆ ಜೀವಂತ ಉಳಿಯತೊಡಗಿತು. ಇವರಿಬ್ಬರ ಹೆಸರಿನ ಮೊದಲ ಅಕ್ಷರ ಹಿಡಿದು ಜಗತ್ತು ಅದನ್ನು 'ವಿಆರ್ ದ್ರಾವಣ' ಎನ್ನುತ್ತದೆ. ಕಾಖ್ ಮಾಡಿದ ಕೆಲಸ ದೊಡ್ಡದು ಹೌದು. ಆದರೆ ದೂರದ ಹಳ್ಳಿಯ ರೋಗಿಗೆ ಲ್ಯಾಬಿನ ಬಾಗಿಲು ತೆರೆದವರು ಈ ಇಬ್ಬರು, ಅವರ ಹೆಸರು ನಮ್ಮ ಪಠ್ಯಗಳಲ್ಲಿ ಎಲ್ಲಿದೆ?

ಇದೇ ಹೊತ್ತಿಗೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಕೆಲವರು ಕೊಳಚೆಯನ್ನೇ ನೋಡುತ್ತ ಕೂತಿದ್ದರು. ಗಿಲ್ಬರ್ಟ್ ಫೌಲರ್ ಎಂಬ ಇಂಗ್ಲಿಷಿನವರು 1916ರಲ್ಲಿ ಅಲ್ಲಿಗೆ ಪ್ರಾಧ್ಯಾಪಕರಾಗಿ ಬಂದಿದ್ದರು. ಕೊಳಚೆಗೆ ಗಾಳಿ ಊದಿ ಶುದ್ಧಮಾಡುವ ವಿಧಾನ 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ್ದು ಅವರ ಮಾರ್ಗದರ್ಶನದಲ್ಲೇ. ಅದೇ ಸಂಸ್ಥೆಯ ಎಸ್. ಸಿ. ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್, ಆ ಶುದ್ಧೀಕರಣದಲ್ಲಿ ಪ್ರೋಟೋಜೋವಾ ಎಂಬ ಏಕಕೋಶ ಜೀವಿಗಳಿಗೆ ದೊಡ್ಡ ಪಾತ್ರವಿದೆ ಎಂದು 1942ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಕೊಳಚೆಯಲ್ಲಿ ಸೂಕ್ಷ್ಮಾಣುಗಳನ್ನು ತಿಂದು ತೇಗುವ ಪೈಕಿಯವು ಇವು. ಸುಬ್ರಹ್ಮಣ್ಯನ್ ಮುಂದೆ 1950ರಲ್ಲಿ ಮೈಸೂರಿನ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಸಿಎಫ್‌ಟಿಆರ್‌ಐ ಆರಂಭವಾದಾಗ ಅದರ ಮೊದಲ ನಿರ್ದೇಶಕರಾದರು. ಆ ಕಟ್ಟಡ ಹಿನಕಲ್‌ನಿಂದ ಕೆಲವೇ ಕಿಲೋಮೀಟರ್. ಊಟದಲ್ಲಿ ಯಾವ ಸೂಕ್ಷ್ಮಾಣು ಇರಬಾರದು ಎಂದು ನೋಡುವ ವಿದ್ಯೆ ಈ ಊರಲ್ಲಿ ನೆಲೆಯಾದದ್ದು ಹೀಗೆ, ಕೊಳಚೆ ಬಲ್ಲವರೊಬ್ಬರ ಕೈಯಿಂದ.

ಕಾಲರಾ ಮನುಷ್ಯನನ್ನು ಕೊಲ್ಲುವುದು ಹೇಗೆ ಎಂಬುದನ್ನು ಕಲ್ಕತ್ತದ ಶಂಭುನಾಥ್ ಡೇ 1959ರಲ್ಲಿ ಬಿಡಿಸಿದರು. ಸೂಕ್ಷ್ಮಾಣು ಕರುಳನ್ನು ಕೊರೆಯುವುದಿಲ್ಲ. ಅದು ಬಿಡುವ ವಿಷಕ್ಕೆ ಕರುಳು ತನ್ನ ನೀರನ್ನೆಲ್ಲ ಹೊರಕ್ಕೆ ಸುರಿಯುತ್ತದೆ. ಬರೀ ನೀರು, ಉಪ್ಪು ಮರಳಿ ಕೊಟ್ಟರೆ ರೋಗಿ ಉಳಿಯುತ್ತಾನೆ ಎಂಬ ತಿಳಿವಿಗೆ ಬಲ ಬಂದದ್ದು ಇದರಿಂದ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲನಬಿಸ್ ಉಪ್ಪು ಸಕ್ಕರೆ ನೀರನ್ನು ಡ್ರಮ್ಮುಗಳಲ್ಲಿ ಕದಡಿ ಇದನ್ನು ತೋರಿಸಿಕೊಟ್ಟರು. ರಿಪೋರ್ಟು ಬರುವ ತನಕ ರೋಗಿ ಕಾಯಬೇಕಾದ ಅಗತ್ಯ ಅಂದಿಗೆ ತಪ್ಪಿತು.

ಲ್ಯಾಬಿನವರನ್ನು ಸೂಕ್ಷ್ಮಾಣು ಇನ್ನೊಂದು ಸಲ ಏಮಾರಿಸಿತು, 1992ರಲ್ಲಿ, ಮದರಾಸಿನಲ್ಲೇ. ಅಲ್ಲಿಯವರೆಗೆ ಮಹಾಮಾರಿ ತರುವ ಕಾಲರಾ ಎಂದರೆ 'ಓ1' ಗುಂಪು ಮಾತ್ರ ಎಂದು ನಂಬಿದ್ದರು. ಗಾಜಿನ ಪಟ್ಟಿಯ ಮೇಲೆ ಓ1 ಸೀರಮ್ಮಿನ ಹನಿಗೆ ಬೆರೆಸಿದಾಗ ಗಂಟುಗಟ್ಟಿದರೆ ಕಾಲರಾ, ಇಲ್ಲದಿದ್ದರೆ ನೀರಿನ ಬಡಪಾಯಿ ಜೀವಿ ಎಂದು ಬಿಟ್ಟುಬಿಡುತ್ತಿದ್ದರು. ಆ ಅಕ್ಟೋಬರ್‌ನಲ್ಲಿ ವಾರ್ಡಿನಲ್ಲಿ ಕಾಲರಾದ್ದೇ ರೋಗಿಗಳು, ತಟ್ಟೆಯಲ್ಲಿ ಕಾಲರಾದ್ದೇ ಚುಕ್ಕೆಗಳು, ಸೀರಮ್ಮು ಮಾತ್ರ ಗಂಟುಗಟ್ಟಲೊಲ್ಲದು. ಕೊನೆಗೆ ಅದಕ್ಕೆ ಹೊಸ ನಂಬರು ಕೊಟ್ಟರು, ಓ139. ಅಂದಿನಿಂದ ಲ್ಯಾಬಿನಲ್ಲಿ ಎರಡು ಸೀಸೆ ಸೀರಮ್ಮು.

*

ಇವತ್ತು ವಾಂತಿಭೇದಿಯ ಸ್ಯಾಂಪಲ್ ಲ್ಯಾಬಿಗೆ ಬಂದರೆ ಏನಾಗುತ್ತದೆ? ಮೊದಲು ಕ್ಷಾರದ ಪೆಪ್ಟೋನ್ ನೀರಿನಲ್ಲಿ ಆರೆಂಟು ಗಂಟೆ ಬಿಡುತ್ತಾರೆ. ಅದರ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಹಿಡಿದರೆ ಕಾಲರಾದ ಜೀವಿ ದೀಪದ ಸುತ್ತಲ ಹುಳುಗಳಂತೆ ಸರ್ರನೆ ಹಾಯುವುದು ಕಾಣುತ್ತದೆ. ಆಮೇಲೆ ಟಿಸಿಬಿಎಸ್ ಎಂಬ ಹಸಿರು ತಟ್ಟೆಗೆ ಗೀಚಿ ರಾತ್ರಿಯಿಡೀ ಬೆಚ್ಚಗಿಡುತ್ತಾರೆ. ಈ ತಟ್ಟೆಯ ತವರು ಜಪಾನು. ಇದರಲ್ಲಿ ನಾವು ಕಾಫಿಗೆ ಹಾಕುವ ಸಕ್ಕರೆಯೇ ಇದೆ. ಕಾಲರಾ ಅದನ್ನು ತಿನ್ನುತ್ತದೆ, ಬೆಳಿಗ್ಗೆಗೆ ಹಸಿರಿನ ಮೇಲೆ ಹಳದಿ ಚುಕ್ಕೆಗಳು. ಒಂದು ಚುಕ್ಕೆಯನ್ನು ಪಿತ್ತಲವಣದ ದ್ರಾವಣದಲ್ಲಿ ಕಲೆಸಿ ಕಡ್ಡಿ ಮೇಲೆತ್ತಿದರೆ ಬೆಲ್ಲದ ಎಳೆಪಾಕದಂತೆ ನೂಲು ಬರುತ್ತದೆ. ಆಕ್ಸಿಡೇಸ್ ಕಾಗದಕ್ಕೆ ಸವರಿದರೆ ಕೆಲವೇ ಸೆಕೆಂಡಿನಲ್ಲಿ ನೇರಳೆ. ಕೊನೆಗೆ ಸೀರಮ್ಮಿನ ಹನಿ.

ಟೈಫಾಯಿಡಿನದು ಇನ್ನೂ ನಿಧಾನ. ಮ್ಯಾಕಾಂಕಿಯ ಪೇಲವ ಚುಕ್ಕೆಯನ್ನು ಮೂರು ಸಕ್ಕರೆ, ಕಬ್ಬಿಣ ಸೇರಿಸಿದ ಓರೆ ನಳಿಕೆಗೆ ಚುಚ್ಚಬೇಕು. ಮಾರನೆಯ ದಿನ ಕೆಳಗೆ ಹಳದಿ, ಮೇಲೆ ಕೆಂಪು, ನಡುವೆ ಒಂದು ಸಣ್ಣ ಕಪ್ಪು ಗೆರೆ. ಹಳೆಯ ಟೆಕ್ನಿಷಿಯನ್ನರು ಅದನ್ನು ಮೀಸೆ ಎನ್ನುತ್ತಾರೆ. ಸೂಕ್ಷ್ಮಾಣು ಬಿಟ್ಟ ಗಂಧಕದ ಗಾಳಿ ಕಬ್ಬಿಣಕ್ಕೆ ತಗುಲಿ ಮೂಡುವ ಕಪ್ಪು ಅದು. ಆಮೇಲೆ ಯಾವ ಆಂಟಿಬಯೋಟಿಕ್ಕಿಗೆ ಬಗ್ಗುತ್ತದೆ ಎಂಬ ಪರೀಕ್ಷೆಗೆ ಮತ್ತೊಂದು ದಿನ. ಈಗ ಮಾಲ್ಡಿ-ಟಾಫ್ ಎಂಬ ಯಂತ್ರ ಚುಕ್ಕೆಯೊಂದರ ಪ್ರೋಟೀನುಗಳನ್ನು ತೂಗಿ ನಿಮಿಷಗಳಲ್ಲಿ ಹೆಸರು ಹೇಳುತ್ತದೆ, ಪಿಸಿಆರ್ ಕೆಲವೇ ಗಂಟೆಯಲ್ಲಿ. ಆದರೂ ಚುಕ್ಕೆ ಬೆಳೆಯಲು ರಾತ್ರಿ ಬೇಕೇ ಬೇಕು. ಇನ್ನೂ ಒಂದು ಮಾತು: ಭೇದಿ ತರುವ ಇ. ಕೋಲೈ ಮ್ಯಾಕಾಂಕಿ ತಟ್ಟೆಯಲ್ಲಿ ಸಾಧುವಾದ ಇ. ಕೋಲೈಯಂತೆಯೇ ಗುಲಾಬಿಯಾಗಿ ಕೂತಿರುತ್ತದೆ. ಸಾಮಾನ್ಯ ಲ್ಯಾಬಿನಲ್ಲಿ 'ರೋಗಕಾರಕ ಸಿಗಲಿಲ್ಲ' ಎಂದು ಬರುವ ಎಷ್ಟೋ ರಿಪೋರ್ಟುಗಳ ಹಿಂದೆ ಈ ಮರೆ ಇದೆ.

ಟೈಫಾಯಿಡ್ ನಳಿಕೆಯ ಆ ಕಪ್ಪು ಗೆರೆ ಈಗ ಹಳ್ಳಿಗೂ ಬಂದಿದೆ. 1982ರಲ್ಲಿ ಮಂಜ, ಮೌರ್ಯ, ರಾವ್ ಎಂಬ ಮೂವರು ಭಾರತೀಯ ವಿಜ್ಞಾನಿಗಳು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಒಂದು ಅಗ್ಗದ ಪರೀಕ್ಷೆ ಪ್ರಕಟಿಸಿದರು. ಮದ್ದು ಹೀರಿಸಿದ ಕಾಗದವಿರುವ ಸಣ್ಣ ಬಾಟಲಿ. ಅದಕ್ಕೆ ಗೆರೆ ಮುಟ್ಟುವಷ್ಟು ನೀರು ತುಂಬಿ ಮುಚ್ಚಿ, ಬೆಚ್ಚನೆಯ ಜಾಗದಲ್ಲಿಟ್ಟು ಮಾರನೆಯ ದಿನ ನೋಡುವುದು. ನೀರಿಗೆ ಮಲ ಬೆರೆತಿದ್ದರೆ ಅದರ ಸೂಕ್ಷ್ಮಾಣುಗಳು ಬಿಡುವ ಅದೇ ಗಂಧಕದ ಗಾಳಿ ಅದೇ ಕಬ್ಬಿಣಕ್ಕೆ ತಗುಲಿ ಬಾಟಲಿ ಕಪ್ಪಾಗುತ್ತದೆ. ಪಂಚಾಯಿತಿಗಳಲ್ಲಿ ಇದನ್ನು ಎಚ್‌ಟುಎಸ್ ಬಾಟಲಿ ಎನ್ನುತ್ತಾರೆ. ಯಾವ ರೋಗ ಎಂದು ಅದು ಹೇಳುವುದಿಲ್ಲ. ಕುಡಿಯಬಾರದು ಎಂದು ಮಾತ್ರ ಹೇಳುತ್ತದೆ. ರಾಸ್ ಓಣಿ ಓಣಿ ತಿರುಗಿ ಬರೆದ ಮಾತನ್ನು ಇದು ಒಂದು ರಾತ್ರಿಯಲ್ಲಿ ಹೇಳುತ್ತದೆ, ಯಾರಾದರೂ ಬೀರುವಿನಿಂದ ತೆಗೆದು ನೀರು ತುಂಬಿದರೆ.

ಆದ್ದರಿಂದ ಓದುಗರಲ್ಲಿ ಎರಡು ಕೋರಿಕೆ. ಮನೆಯಲ್ಲಿ ಯಾರಿಗಾದರೂ ಜೋರಾಗಿ ಭೇದಿ ಹಿಡಿದರೆ ಓಆರ್‌ಎಸ್ ಕುಡಿಸುವುದನ್ನು ಕೂಡಲೇ ಶುರುಮಾಡಿ, ಆದರೆ ಮೊದಲ ಆಂಟಿಬಯೋಟಿಕ್ ಮಾತ್ರೆ ಬಾಯಿಗೆ ಹಾಕುವ ಮುಂಚೆ ಮಲದ ಸ್ಯಾಂಪಲ್ ಕೊಡಿ. ಮಾತ್ರೆ ನುಂಗಿದ ಮೇಲೆ ಲ್ಯಾಬಿನಲ್ಲಿ ಸೂಕ್ಷ್ಮಾಣು ಸಿಗುವುದು ಕಷ್ಟ. ಮತ್ತು ನಲ್ಲಿಯ ನೀರು ಬಣ್ಣಗೆಟ್ಟರೆ, ವಾಸನೆ ಬಂದರೆ, ವಾರ್ಡಿನ ಕಚೇರಿಗೆ ಹೋಗಿ ಎಚ್‌ಟುಎಸ್ ಬಾಟಲಿ ಕೇಳಿ, ನಿಮ್ಮ ಎದುರಿಗೇ ನೀರು ತುಂಬಿಸಿ, ಮಾರನೆಯ ಬೆಳಿಗ್ಗೆ ಅದರ ಬಣ್ಣವನ್ನು ನೀವೇ ಹೋಗಿ ನೋಡಿ.